ನಾಲ್ಕನೇ ಜ್ವರ

ನೂರು ಮೊಟ್ಟೆ ತಂದರೆ ನಲವತ್ತು ಸಾವಿರ ಬಾಯಿ.
ಹುಳುಮನೆಯಲ್ಲಿ ಅಷ್ಟೂ ಸೊಪ್ಪು ಮೇಯುವ ಸದ್ದು
ಒಣಗಿದ ರಾಗಿಹುಲ್ಲಿನ ಮೇಲೆ ಯಾರೋ
ಬರಿಗಾಲಲ್ಲಿ ನಡೆದಷ್ಟೇ.
ನಡುಮನೆಯಲ್ಲಿರುವುದು ಒಂದೇ ಬಾಯಿ.
ಅದು ತೆರೆದರೆ
ಹಿತ್ತಿಲ ನಾಯಿ ಎದ್ದು ನಿಲ್ಲುತ್ತದೆ,
ಎದುರು ಮನೆಯ ಬಾಷಾ ಸಾಬರು ಕೆಮ್ಮುತ್ತಾರೆ,
ಶಿಡ್ಲಘಟ್ಟದ ರಸ್ತೆಯಲ್ಲಿ ಹೋಗುವ ಹಾಲಿನ ವ್ಯಾನು ಕೂಡ
ಹೆದರಿ ಗೇರು ಬದಲಿಸಿದ ಹಾಗೆ ಕೇಳುತ್ತದೆ.

ತವರಿನಲ್ಲಿ ಚೆನ್ನಾಗಿ ಮಲಗುತ್ತಿದ್ದಳಂತೆ.
ಇಲ್ಲಿಗೆ ಬಂದು ಹನ್ನೊಂದು ದಿನ.
ಹತ್ತೂವರೆಗೆ ಒಮ್ಮೆ, ಒಂದಕ್ಕೆ ಒಮ್ಮೆ,
ಮೂರಕ್ಕೆ. ಆಮೇಲಿನದು ಲೆಕ್ಕಕ್ಕಿಲ್ಲ,
ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ.

ಯಾಕೆ?
ಹಸಿವು, ಅಂದಳು ಆಶಾ ಕಾರ್ಯಕರ್ತೆ ಗಂಗರತ್ನ.
ಐದನೇ ತಿಂಗಳಿಗೆ ನಿದ್ದೆ ಹೀಗೇ ಮುರಿಯುತ್ತೆ, ತಾನೇ ಕೂಡಿಕೊಳ್ಳುತ್ತೆ.
ಹೊಟ್ಟೆನುಲಿ, ಅಂದಳು ಅಜ್ಜಿ ಪಿಳ್ಳಮ್ಮ,
ಹೊಕ್ಕುಳ ಸುತ್ತ ಇಂಗು ಹಚ್ಚುತ್ತಾ.
ದೃಷ್ಟಿ, ಅಂದರು ಪಕ್ಕದ ಮನೆಯವರು,
ಮೆಣಸಿನಕಾಯಿ ಇಳಿ ತೆಗೆದು ಸುಡಿ.
ಸುಡುವ ಹಾಗಿಲ್ಲ.
ಹೊಗೆ ತಾಕಿದರೆ ಹುಳು ಉಳಿಯುವುದಿಲ್ಲ.
ಸಾಂಬ್ರಾಣಿ ಇಲ್ಲ, ಸೊಳ್ಳೆಬತ್ತಿ ಇಲ್ಲ,
ಸೋದರಮಾವ ತಂದ ಪೌಡರ್ ಡಬ್ಬಿ
ಸೀಲು ಒಡೆಯದೆ ಬೀರುವಿನ ಮೇಲಿದೆ.
ಸೊಳ್ಳೆಗಳಿಗೆ ಇದೆಲ್ಲ ಗೊತ್ತು.
ಅಂಗೈಯಗಲದ ಒಂದು ಕೆನ್ನೆಗೆ
ನಾವಿಬ್ಬರು ಸರದಿಯ ಬೀಸಣಿಗೆ.

ನಡುರಾತ್ರಿ ಸೊಪ್ಪು ಹಾಕಿ ಬರುವಾಗ
ಸುಗುಣ ಸೀರೆಜೋಲಿ ತೂಗುತ್ತಿರುತ್ತಾಳೆ,
ತೊಲೆಯ ಕೊಂಡಿ ಕಿರ್ರೆನ್ನುತ್ತದೆ.
ಎಣ್ಣೆ ಬಿಡಬೇಕು, ಅನ್ನುತ್ತೇನೆ.
ಬೇಡ, ಆ ಸದ್ದು ನಿಂತರೆ ಏಳುತ್ತಾಳೆ, ಅನ್ನುತ್ತಾಳೆ.
ಇಡೀ ದಿನಕ್ಕೆ ನಮ್ಮ ಮಾತು ಇಷ್ಟು.

ಮೊನ್ನೆ ರಾತ್ರಿ
ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಒಬ್ಬಳೇ,
ಎರಡೂ ಕಿವಿಗೆ ಅಂಗೈ.
ಒಳಗೆ ಕೂಗು.
"ಚಾಪೆ ಮೇಲೆ ಹಾಕಿ ಬಂದುಬಿಟ್ಟೆ.
ಇನ್ನೊಂದು ಗಳಿಗೆ ಕೈಯಲ್ಲಿದ್ದಿದ್ದರೆ
ಏನು ಮಾಡಿಬಿಡುತ್ತಿದ್ದೆನೋ."
ಕಿವಿಯಿಂದ ಕೈ ತೆಗೆಯದೆಯೇ ಹೇಳಿದಳು,
ತನ್ನ ಮಾತು ತನಗೂ ಕೇಳದಿರಲಿ ಎಂಬಂತೆ.
ನನಗೆ ಉತ್ತರ ಹೊಳೆಯಲಿಲ್ಲ.
ಕೈ ತೊಳೆದೆ, ಕಾಲು ತೊಳೆದೆ,
ಮಗುವನ್ನು ಎತ್ತಿಕೊಂಡು
ಹುಳುಮನೆಯ ಬಾಗಿಲು ನೂಕಿದೆ.

ಅವತ್ತು ಅವು ನಾಲ್ಕನೇ ಜ್ವರಕ್ಕೆ ಕೂತಿದ್ದವು.
ಪೊರೆ ಕಳಚುವ ಮುಂಚಿನ ನಿದ್ದೆಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ,
ಮೈ ಸುಡುವುದಿಲ್ಲ.
ಸುಗುಣಳ ತವರಿನವರು ಹುಳು ಸಾಕಿದವರಲ್ಲ,
ಮದುವೆಯಾದ ಹೊಸತರಲ್ಲಿ
"ಎಲ್ಲಕ್ಕೂ ಜ್ವರ ಬಂತು" ಅಂದರೆ ಗಾಬರಿಯಾಗಿ
ಮಾತ್ರೆ ಎಷ್ಟು ತರಲಿ ಎಂದು ಕೇಳಿದ್ದಳು.

ಮೇವಿಲ್ಲ. ಮೈಮೇಲೆ ಸುಣ್ಣದ ಪುಡಿ.
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ, ಕದಲದೆ,
ಹಳೆ ಚರ್ಮದೊಳಗೇ ಹೊಸದನ್ನು ಹೊಲಿದುಕೊಳ್ಳುತ್ತಾ.
ನಲವತ್ತು ಸಾವಿರ ಬಾಯಿ ಮುಚ್ಚಿದ ಮೌನ
ಮಗುವಿಗೂ ಕೇಳಿಸಿರಬೇಕು.
ಬಿಕ್ಕನ್ನು ಅರ್ಧಕ್ಕೇ ಬಿಟ್ಟು
ಹದಿನೈದು ವಾಟಿನ ಬಲ್ಬು ನೋಡಿದಳು.
ಆಮೇಲೆ ನನ್ನ ಬೆರಳು ಕಚ್ಚಿದಳು.
ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು
ಗಟ್ಟಿ ಏನೋ.

ಹಸುಗೂಸನ್ನು ಹುಳದ ಹತ್ತಿರ ಒಯ್ಯುತ್ತಾರೇನೋ ಎಂದು
ಅಜ್ಜಿ ಬೆಳಿಗ್ಗೆ ತೆಲುಗಿನಲ್ಲಿ ಬೈದಳು.
ಒಸಡು ಮುಟ್ಟಿ ನೋಡಿ ಕನ್ನಡಕ್ಕೆ ಬಂದಳು:
ಹುಳಕ್ಕಾದರೆ ನಾಲ್ಕೇ ಜ್ವರ ಕಣಪ್ಪ,
ಮನುಷ್ಯರದ್ದು ಯಾರು ಎಣಿಸಿದ್ದಾರೆ.

ಈಗ ಮೂರು ಗಂಟೆ.
ಹುಳುಗಳು ಎದ್ದಿವೆ. ಹೊರೆಗಟ್ಟಲೆ ಹಾಕಿದರೂ ಸಾಲದು.
ಹುಲ್ಲಿನ ಮೇಲೆ ನಡೆದಂತಲ್ಲ ಈಗಿನ ಸದ್ದು,
ಕಣದಲ್ಲಿ ರಾಗಿ ಬಡಿದ ಹಾಗೆ.
ಜೋಲಿಯಿಂದ ಮೊದಲು ಒಂದು ಕಾಲು ಎದ್ದಿತು.
ಬಾಯಿ ತೆರೆಯುವ ಮೊದಲೇ ಎತ್ತಿಕೊಂಡೆ.
ಸುಗುಣ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಾಳೆ,
ಕೈಯಲ್ಲಿ ಬೀಸಣಿಗೆ ಹಾಗೇ ಇದೆ,
ತಲೆ ಸ್ವಲ್ಪ ಮೇಲಕ್ಕೆ.
ಶ್... ಅಮ್ಮ ಜ್ವರಕ್ಕೆ ಕೂತಿದ್ದಾಳೆ ಕಣೇ.
ಅಲುಗಾಡಿಸಬಾರದು.