ಕೊನೇ ಸ್ಟಾಪಿನ ಹನ್ನೆರಡು ನಿಮಿಷ

ಕೊನೇ ಸ್ಟಾಪಿನಲ್ಲಿ ಹನ್ನೆರಡು ನಿಮಿಷ.
ಎಂಜಿನ್ ಆರಿಸಿ, ಕೈಗವಸು ಕಳಚಿ,
ಸೀಟಿನಡಿಯ ಚೀಲದಿಂದ ಕೊಕ್ಕೆಕಡ್ಡಿ ತೆಗೆಯುತ್ತೇನೆ.
ಎದುರಿಗೆ ಜಲಸಂಧಿ, ಮುರಿದ ಕಟ್ಟೆಯ ಕಂಬಗಳ ಮೇಲೆ
ನೀರುಕಾಗೆಗಳ ಸಾಲು, ಟಿಕೆಟಿಲ್ಲದ ಪ್ರಯಾಣಿಕರು.
ಸುತ್ತು, ಚುಚ್ಚು, ಎಳೆ, ದಾಟಿಸು.
ಹನ್ನೆರಡು ನಿಮಿಷಕ್ಕೆ ಒಂದು ಸಾಲು;
ಗಾಳಿ ಬಸ್ಸನ್ನು ಅಲ್ಲಾಡಿಸಿದರೆ ಮುಕ್ಕಾಲು.

ಪುಂತಾ ಅರೇನಾಸಿನ ಗಾಳಿಗೆ
ಬೀದಿ ತಿರುವಿನಲ್ಲಿ ಹಗ್ಗ ಕಟ್ಟುತ್ತಾರೆ,
ಮನುಷ್ಯರು ಹಿಡಿದು ದಾಟಲಿ ಅಂತ.
ನನಗೋ ಕಿರುಬೆರಳಿಗೆ ಸುತ್ತಿದ ಒಂದೆಳೆ ಸಾಕು.

"ಏನು ದೋನ್, ಅಜ್ಜಿಯಾಗಿಬಿಟ್ಟಿರಾ?"
ಬಂದರಿನ ಕೂಲಿ ಹುಡುಗ.
ಅಜ್ಜಿಯೇ ಕಲಿಸಿದ್ದು ಕಣೋ, ಚಿಲೋಯೆ ದ್ವೀಪದಲ್ಲಿ.
ಬಲೆ ಹರಿದ ದಿನ ಗಂಡು ಹೆಣ್ಣು ಅಂತ ನೋಡುತ್ತಾರೆಯೇ?
ಕೈ ಖಾಲಿ ಇದ್ದವರೆಲ್ಲ ಕೂರಬೇಕು.

ಮದುವೆ ಜೂನಿನಲ್ಲಿ, ಚಳಿಯ ನಟ್ಟನಡುವೆ.
ಮದುಮಗಳು ಮಾರಿಸೊಲ್. ಇರ್ಮಾಳ ಮಗಳು.
ನನ್ನ ಮನೆಗೆ ಬಂದಾಗ ಆರು ವರ್ಷ,
ಒಂದು ಕೈಯಲ್ಲಿ ಅಮ್ಮನ ಕೋಟಿನ ತುದಿ,
ಇನ್ನೊಂದರಲ್ಲಿ ಮೂರೇ ಕಾಲಿನ ಕುರಿಗೊಂಬೆ.
ಅವತ್ತು "ದೋನ್ ಹಸಿಂತೊ" ಅಂದಳು.
ಹತ್ತೊಂಬತ್ತು ವರ್ಷವಾಯಿತು, ಈಗಲೂ ಅದೇ,
ಮೇಷ್ಟರನ್ನೋ ಮನೆ ಮಾಲೀಕರನ್ನೋ ಕರೆಯುವ ಹಾಗೆ.
ನಾನೂ ತಿದ್ದಲಿಲ್ಲ.
ತಿದ್ದಿದರೆ ಏನೆಂದು ತಿದ್ದಬೇಕಿತ್ತು?

ಫ್ರಿಜ್ಜು ಸೋದರಮಾವಂದಿರದ್ದು.
ಹುಟ್ಟಿಸಿದವನು ಉತ್ತರದ ಗಣಿಯಿಂದ
ಟೀವಿ ಕಳಿಸುತ್ತಾನಂತೆ, ಗೋಡೆಯಷ್ಟಗಲದ್ದು.
ನನ್ನ ಮುಯ್ಯಿ ಇದು: ಕೆಂಪು ಉಲ್ಲನ್ನಿನ ಕಂಬಳಿ,
ಅಂಚಿಗೆ ಬೂದಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಕಾಲು ಎಷ್ಟುದ್ದ ಅಂತ ಕೇಳುವುದನ್ನು ಮರೆತಿದ್ದೆ.
ಏಪ್ರಿಲಿನಲ್ಲಿ ಮದುಮಗ ಊಟಕ್ಕೆ ಬಂದ, ಯೆರ್ಕೊ,
ಬಾಗಿಲಲ್ಲಿ ತಲೆ ಬಗ್ಗಿಸಿ. ವಿನಯದಿಂದಲ್ಲ, ಎತ್ತರದಿಂದ.
ಉಂಡು ಸೋಫಾದ ಮೇಲೆ ನಿದ್ದೆಹೋದಾಗ
ಟಿಕೆಟ್ಟಿನ ಸುರುಳಿ ಬಿಚ್ಚಿ ಮೆಲ್ಲಗೆ ಅಳೆದೆ.
ಮೂವತ್ತೊಂಬತ್ತು ಟಿಕೆಟ್ಟು!
ಕಂಬಳಿ ಮೂವತ್ತಕ್ಕೇ ಮುಗಿಯುವುದರಲ್ಲಿತ್ತು.

ಓತಿಲಿಯಾಳ ಅಂಗಡಿಗೆ ಓಡಿದೆ.
ಅದೇ ಕೆಂಪು, ನಂಬರು ಇನ್ನೂರ ಹದಿನಾಲ್ಕು.
"ನಂಬರು ಅದೇ, ಹಂಡೆ ಬೇರೆ" ಅಂದಳು ಆಕೆ,
ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.
"ಆ ಹಂಡೆಯ ಬಣ್ಣ ಆ ಹಂಡೆಗೇ ಮುಗೀತು.
ಇನ್ನು ಯಾರಪ್ಪ ಬಂದು ಕೇಳಿದರೂ ಇಲ್ಲ."
ಕಿಟಕಿಯ ಬೆಳಕಿಗೆ ಹಿಡಿದೆ: ಒಂದು ಚೆರ್ರಿ, ಒಂದು ಇಟ್ಟಿಗೆ.
ದೀಪದಡಿ ಒಂದೇ. ಹಗಲಿಗೆ ಎರಡು.

ಬಿಚ್ಚಿ ಮತ್ತೆ ಹೆಣೆಯಲೇ,
ಎರಡನ್ನೂ ಬೆರೆಸಿ, ಸಾಲು ಬಿಟ್ಟು ಸಾಲು?
ಕ್ರೋಶಾ ಎಳೆದರೆ ಸರ್ರನೆ ಬಂದುಬಿಡುತ್ತದೆ,
ಅಷ್ಟಕ್ಕೂ ಕೊನೇ ಕುಣಿಕೆಯೊಂದೇ ಕಾವಲು.
ಎಂಬತ್ತೆಂಟು ಸಾಲು. ಎಂಬತ್ತೆಂಟು ಟ್ರಿಪ್ಪು.
ಎಳೆಯಲಿಲ್ಲ.
ಚೆರ್ರಿಯ ಬಾಲಕ್ಕೆ ಇಟ್ಟಿಗೆಯ ತುದಿ ಸೇರಿಸಿ,
ಎಂಜಲು ಹಚ್ಚಿ, ಅಂಗೈಯಲ್ಲಿ ಬಿಸಿಯಾಗುವ ತನಕ ಉಜ್ಜಿದೆ.

ಮದುವೆಯ ಹಿಂದಿನ ರಾತ್ರಿ
ಅಡುಗೆಮನೆಯ ಮೇಜಿನ ಮೇಲೆ ಹರಡಿದೆ.
ಇರ್ಮಾ ಕೇಕಿನ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದಳು.
ಮಾರಿಸೊಲ್, ತಲೆ ತುಂಬ ಕೂದಲ ಸುರುಳಿ,
ಕೈಯಾಡಿಸುತ್ತ ಆಡಿಸುತ್ತ ಅಲ್ಲಿಗೇ ಬಂದು ನಿಂತಳು.
ದೀಪಕ್ಕೆ ಕಾಣದ್ದು ಬೆರಳಿಗೆ ಹೇಗೆ ಸಿಕ್ಕಿತೋ.
"ದೋನ್ ಹಸಿಂತೊ, ಇಲ್ಲಿ ಉಲ್ಲನ್ ಮುಗೀತಾ?"
"ಮುಗೀತು. ನಿನ್ನ ಗಂಡನ ಕಾಲಿನಿಂದ."
ನಕ್ಕಳು. ಆಮೇಲೆ ನಗಲಿಲ್ಲ.
"ಹೊದ್ದರೆ ಈ ಜಾಗ ಎದೆ ಮೇಲೆ ಬರುತ್ತೆ" ಅಂದಳು.
ಸೇರಿಸಿದ ಎಳೆಯನ್ನು ಹಿಡಿದು ಜಗ್ಗಿ ನೋಡಿದಳು,
ಬಿಡುತ್ತದೇನೋ ಎಂದು.
ಇನ್ನೊಮ್ಮೆ ಜಗ್ಗಿದಳು.

ಸೋಮವಾರ. ಕೊನೇ ಸ್ಟಾಪು.
ಚೀಲದಲ್ಲಿ ಇಟ್ಟಿಗೆ ಬಣ್ಣದ ಅರ್ಧ ಉಂಡೆ ಉಳಿದಿದೆ.
ನೀರುಕಾಗೆಗಳು ಗಾಳಿಗೆ ಮುಖಮಾಡಿ ಕೂತಿವೆ.
ಬಂದರಿನ ಹುಡುಗ ಇಳಿಯುತ್ತ ಇಳಿಯುತ್ತ ನಿಂತ,
ಕಿವಿಯೆರಡೂ ಕೆಂಪಗೆ.
"ಒಂದು ಟೋಪಿಗೆ ಎಷ್ಟು ದಿನ ಬೇಕು, ಅಜ್ಜೀ?"
ಟಿಕೆಟ್ಟಿನ ಸುರುಳಿ ಕೈಗೆತ್ತಿಕೊಂಡೆ.
"ಮೊದಲು ತಲೆ ತಾ ಇಲ್ಲಿ" ಅಂದೆ.