ಎಡಕ್ಕೆ ಸಾಗುವ ಸೀಸೆ

ಸೇಂಟ್ ಆಸ್ವಿನ್ ಕಾಲೇಜಿನ ಅಂಗಳದಲ್ಲಿ
ಹುಲ್ಲಿಗೊಂದು ಹಲಗೆ:
ಫೆಲೋಗಳು ಮಾತ್ರ ತುಳಿಯಬಹುದು.
ಹುಲ್ಲಿಗೆ ಓದು ಬಾರದು. ಕಾಗೆಗಳಿಗೂ.
ಗುರುವಾರ ಯಂತ್ರ ತಳ್ಳುತ್ತ ಬರುವ ತೋಟದವನು
ಬೆಳಗಿನಿಂದ ಅದರ ಮೇಲೆಯೇ ಓಡಾಡುತ್ತಾನೆ,
ಅದನ್ನು ನಡೆದದ್ದೆಂದು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಹೆಸ್ಟರ್ ಥ್ವೇಟ್ ಫೆಲೋ ಆದದ್ದು ಒಂದು ಅಕ್ಟೋಬರ್ ಸಂಜೆ.
ಮೊಣಕಾಲೂರಿ ಲ್ಯಾಟಿನ್ನಿನಲ್ಲಿ ನಾಲ್ಕು ಸಾಲು,
ಹೆಗಲಿಗೆ ಕಪ್ಪು ನಿಲುವಂಗಿ, ಕೈಗೊಂದು ಬೀಗದ ಕೈ,
ವರ್ಷಕ್ಕಿಷ್ಟು ಪೌಂಡು, ದಿನಕ್ಕೊಂದು ಊಟ
ಎತ್ತರದ ಪಂಕ್ತಿಯಲ್ಲಿ. ಎತ್ತರವೆಂದರೆ ಒಂದು ಮೆಟ್ಟಿಲು.
ಅವಳ ವಿದ್ಯೆ, ಸತ್ತ ನುಡಿಗಳ ಬೇರು ಅಗೆಯುವುದು.
ಪಕ್ಕದ ಗಣಿತದವನಿಗೆ ಅಂದೇ ಹೇಳಿದಳು:
ಈ ಮಾತು ಬಡಗಣ ಕಡಲಿನವರ ಹಡಗಿನಲ್ಲಿ ಬಂದದ್ದು.
'ಫೇ' ಅಂದರೆ ಹಿಂಡು, 'ಫೇ' ಅಂದರೆ ಹಣವೂ ಹೌದು;
ತಂತಮ್ಮದನ್ನು ತಂದು ಒಂದೇ ಕಡೆ ಇಟ್ಟವರು ಫೆಲೋಗಳು.
ಇದನ್ನು ಬರೆಯುವ ನನಗೆ ನನ್ನ ನುಡಿ ನೆನಪಾಗುತ್ತದೆ:
ದನಕ್ಕೂ ಧನಕ್ಕೂ ನಡುವೆ ಒಂದೇ ಒಂದು ಉಸಿರು.
ಗಣಿತದವನು ನಕ್ಕ. ನೀವೇನು ತಂದಿಟ್ಟಿರಿ?
ಅವಳು ಲೋಟ ಬರಿದು ಮಾಡಿದಳು.

ಆಮೇಲೆ ನಿಘಂಟಿನ ಸಂಪುಟಗಳ ಹಿಂದೊಂದು ಸೀಸೆ,
ಒಂಬತ್ತರ ಪಾಠಕ್ಕೆ ಪುದೀನದ ಮಿಠಾಯಿ.
ಯಾರೂ ಏನೂ ಅನ್ನಲಿಲ್ಲ.
ಅದೂ ಒಂದು ಬಗೆಯ ಒಡನಾಟವೇ,
ಒಬ್ಬರ ಹುಣ್ಣು ಒಬ್ಬರು ನೋಡದಂತೆ
ಒಟ್ಟಿಗೆ ಕೂತು ಉಣ್ಣುವುದು.

ಮೀನು ಮಾರ್ಕೆಟ್ಟಿನ ಹಿಂದೆ ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆ.
ಮಂಗಳವಾರ, ಏಳೂವರೆ. ಕುಡಿತ ಬಿಡುವವರ ಕೂಟ.
ಇಲ್ಲೂ ಅದೇ ಮಾತು, ಫೆಲೋಶಿಪ್ಪು.
ಅರ್ಜಿಯಿಲ್ಲ, ಶಿಫಾರಸು ಪತ್ರವಿಲ್ಲ.
ಬೇಕಾದದ್ದು ಒಂದೇ ಅರ್ಹತೆ,
ಅದನ್ನು ಸಂಪಾದಿಸಲು ಅವಳಿಗೆ ಹನ್ನೊಂದು ವರ್ಷ ಹಿಡಿದಿತ್ತು.
ಪ್ಲಾಸ್ಟಿಕ್ ಕುರ್ಚಿ, ಗೊರಗುಡುವ ಕೆಟಲು, ಮುರುಕು ಬಿಸ್ಕತ್ತು.
ಟ್ಯಾಕ್ಸಿ ಓಡಿಸುವವಳು, ಹಲ್ಲಿನ ಡಾಕ್ಟರು,
ಹಡಗುಕಟ್ಟೆ ಮುಚ್ಚಿದ ಮೇಲೆ ಕೆಲಸವಿಲ್ಲದ ಇಬ್ಬರು ಅಣ್ಣತಮ್ಮಂದಿರು,
ಮತ್ತು ಗೋಡೆಗೆ ಒರಗಿ, ಸಿರಿಲ್.
ಎತ್ತರದ ಪಂಕ್ತಿಗೆ ದಿನವೂ ವೈನು ಬಡಿಸುವ ಸಿರಿಲ್.
'ಹತ್ತೊಂಬತ್ತು ವರ್ಷ' ಅಂದ, ತನ್ನ ಸರದಿ ಬಂದಾಗ.
ರಾತ್ರಿಗೆ ಮೂವತ್ತು ಲೋಟ ತುಂಬುವ ಕೈ. ಹತ್ತೊಂಬತ್ತು ವರ್ಷ.
ಮೇಲೆ ಅವಳು ಡಾಕ್ಟರ್ ಥ್ವೇಟ್, ಅವನು ಬರೀ ಸಿರಿಲ್.
ಕೆಳಗೆ ಅವಳೂ ಬರೀ ಹೆಸ್ಟರ್.
ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕೆಂಬುದು ಕಟ್ಟಳೆ.

ಹಾಗಾಗಿ ಸ್ಥಾಪಕರ ದಿನದ ಔತಣದಲ್ಲಿ ಅವರಿಬ್ಬರೂ ಅಪರಿಚಿತರು.
ಮೇಣದ ಬತ್ತಿ, ಬೆಳ್ಳಿಯ ಉಪ್ಪಿನ ಬಟ್ಟಲು,
ಗೋಡೆಯ ಮೇಲೆ ಸತ್ತ ಫೆಲೋಗಳ ಸಾಲು.
ಕೊನೆಗೆ ಪೋರ್ಟ್ ಮದ್ಯದ ಸೀಸೆ ಹೊರಟಿತು
ಪದ್ಧತಿಯಂತೆ ಎಡಕ್ಕೆ, ಮತ್ತೂ ಎಡಕ್ಕೆ, ಕೈಯಿಂದ ಕೈಗೆ.
ನಿಲ್ಲಿಸಿದರೆ ಅಸಭ್ಯ. ಸುಮ್ಮನೆ ದಾಟಿಸಿದರೆ ಹುಬ್ಬುಗಳು.
ಐದು ಕೈ ದೂರ. ನಾಲ್ಕು.
ಗಣಿತದವನು.
ಅಷ್ಟರಲ್ಲಿ ಭುಜದಾಚೆಯಿಂದ ಬಿಳಿ ಕೈಗವಸೊಂದು
ಅವಳ ಖಾಲಿ ಲೋಟ ತೆಗೆದು ತುಂಬಿದ್ದನ್ನು ಇಟ್ಟಿತು.
'ನಿಮ್ಮದು ಆಗಲೇ ಆಯಿತು, ಡಾಕ್ಟರ್ ಥ್ವೇಟ್.'
ಸೀಸೆ ಅವಳನ್ನು ದಾಟಿ ನಡೆಯಿತು.
ರಾಜನಿಗೆ, ಸ್ಥಾಪಕರಿಗೆ, ಎಲ್ಲರೊಡನೆ ಎದ್ದು ಕುಡಿದಳು
ಮಕ್ಕಳ ನೆಗಡಿಗೆ ಕೊಡುವ ಬ್ಲ್ಯಾಕ್‌ಕರಂಟ್ ಶರಬತ್ತು,
ಅದೇ ಕಗ್ಗೆಂಪು, ಸಕ್ಕರೆ ತುಸು ಹೆಚ್ಚು.

ಮಂಗಳವಾರ ಅವಳು ಅದರ ಮಾತೆತ್ತಲಿಲ್ಲ. ಅವನೂ.
ಕುರ್ಚಿಗಳಾದ ಮೇಲೆ ಉದ್ದ ಮೇಜಿನ ಈ ತುದಿ ಅವನು ಹಿಡಿದ,
ಆ ತುದಿ ಅವಳು. ತಂದು ಒಂದೇ ಕಡೆ ಇಟ್ಟರು.

ಕಾಲೇಜಿನವರೆಗೂ ಒಂದೇ ದಾರಿ. ಅಂಗಳದಲ್ಲಿ ಮಂಜು.
ಫೆಲೋ ಕರೆತಂದ ಅತಿಥಿಗೂ ಹುಲ್ಲು ತುಳಿಯುವ ಹಕ್ಕುಂಟು,
ನಿಯಮಾವಳಿ, ಮೂವತ್ತೊಂದನೆಯ ಕಲಮು.
'ಬನ್ನಿ' ಅಂದಳು, ಹಲಗೆ ದಾಟಿ ಒಂದು ಹೆಜ್ಜೆಯಿಟ್ಟು.
ಸಿರಿಲ್ ಹುಲ್ಲು ನೋಡಿದ, ತನ್ನ ಬೂಟು ನೋಡಿದ.
'ಒದ್ದೆ' ಅಂದ.
ಅವಳು ಹಿಂದಕ್ಕೆ ಬಂದಳು.
ಜಲ್ಲಿಯ ದಾರಿಯಲ್ಲೇ ಸುತ್ತಿಕೊಂಡು ಹೋದರು
ಅಡುಗೆಮನೆಯ ಬಾಗಿಲಿನವರೆಗೆ,
ಬಿಸ್ಕತ್ತಿನ ಬೆಲೆ ಏರಿದ್ದರ ಬಗ್ಗೆ ಮಾತಾಡುತ್ತ.