ಎಡಗಡೆ ಚಕ್ರ

ಬಿಣಗಾ ಇಳಿಜಾರಿನಲ್ಲೇ ವಾಸನೆ ಬಂದಿತ್ತಂತೆ,
ಸೀದ ಹುರುಳಿಯ ಹಾಗೆ.
ಯಾರದೋ ಮನೆಯ ಒಲೆಯೆಂದು ಉಮಾಕಾಂತ ತಾಂಡೇಲ
ಗಾಜು ಏರಿಸಿಕೊಂಡು ಬಂದನಂತೆ.
ಕೋಡಿಬಾಗದ ನಮ್ಮ ಶೆಡ್ಡಿನ ಮುಂದೆ ನಿಂತಾಗ
ಎಡಗಡೆ ಚಕ್ರದಿಂದ ಹೊಗೆ;
ಟ್ರೇಲರಿನ ಮೇಲೆ ಹೊಸ ಬಣ್ಣದ ದೋಣಿ
ತನಗೇನೂ ಸಂಬಂಧವಿಲ್ಲವೆಂಬಂತೆ
ಮೂತಿ ಎತ್ತಿ ಕಾಳಿ ನದಿಯ ಕಡೆ ನೋಡುತ್ತಿತ್ತು.

ಚೌತಿ ಕಳೆದು ಮೂರು ದಿನ.
ಭಾನುವಾರಕ್ಕೆ ಹುಬ್ಬಳ್ಳಿಯಿಂದ ಹದಿನಾಲ್ಕು ಜನ,
ಡಾಲ್ಫಿನ್ ನೋಡಲು, ಮುಂಗಡ ಬಂದಾಗಿದೆ.
"ಸಂಜೆಯೊಳಗೆ ಆಗಬೇಕು" ಅಂದ ತಾಂಡೇಲ.
ಇನಾಸಮಾಮ ಬೆರಳಿಗೆ ಉಗುಳು ಹಚ್ಚಿ
ಡ್ರಮ್ಮಿಗೆ ಮುಟ್ಟಿಸಿದ:
ಚುಸ್ಸ್.
ಉತ್ತರ ಅಷ್ಟೇ.

ಈ ಬ್ರೇಕಿಗೆ ಪೆಡಲ್ ಇಲ್ಲ.
ಕೆಲಸಕ್ಕೆ ಸೇರಿದ ವಾರ ನನಗದು ಒಗಟು.
ಮುಂದಿನ ಗಾಡಿ ನಿಧಾನಿಸಿದರೆ
ಹಿಂದಿನ ದೋಣಿ ತನ್ನ ಭಾರಕ್ಕೆ ತಾನೇ ಮುನ್ನುಗ್ಗುತ್ತದೆ,
ಆ ನೂಕು ಕೊಂಡಿಯೊಳಗಿನ ಸಿಲಿಂಡರನ್ನು ಒತ್ತುತ್ತದೆ,
ಎಣ್ಣೆ ಓಡಿ ಚಕ್ರ ಹಿಡಿಯುತ್ತದೆ.
"ತಲೆ ಕೆಡಿಸ್ಕೊಬೇಡ ಬಾಯ್," ಅಂದಿದ್ದ ಮಾಮ,
"ನೂಕಿದವನೇ ನಿಲ್ಲಿಸ್ತಾನೆ."

ಡ್ರಮ್ ಬಿಚ್ಚಿದೆವು. ಉಪ್ಪು.
ಬಿಳಿ, ಹಸಿರು, ಇಟ್ಟಿಗೆ ಕೆಂಪು, ಪದರಪದರ ತುಕ್ಕು.
ನಡುವೆ ಬೆಂದು ಕೆಂಪಾದ ಒಂದು ಮರಿ ಏಡಿ:
ಬೆಳಗ್ಗೆ ಬೇಲೇಕೇರಿಯಲ್ಲಿ
ಪರೀಕ್ಷೆಗೆಂದು ನೀರಿಗಿಳಿಸಿದಾಗ ಹತ್ತಿಕೊಂಡದ್ದು.
ಮಾಮ ಅದನ್ನು ತಾಂಡೇಲನ ಅಂಗೈಯಲ್ಲಿಟ್ಟ.
"ಸಿಹಿನೀರಲ್ಲಿ ತೊಳೆದಿದ್ದೀಯಾ ಯಾವತ್ತಾದರೂ?"
"ಮಳೆ ತೊಳೀತದಲ್ಲ?"

ಹೊಸ ಸಿಲಿಂಡರ್ ಕೂರಿಸಿದೆವು. ಇನ್ನು ಗಾಳಿ ತೆಗೆಯಬೇಕು,
ದೂರದ ಚಕ್ರದಿಂದ ಶುರು.
ನಾನು ಕೊಂಡಿಯ ಹತ್ತಿರ ಸಲಾಕೆ ಹಿಡಿದು,
ಮಾಮ ದೋಣಿಯ ಹೊಟ್ಟೆಯ ಕೆಳಗೆ,
ಕಾಣುವುದು ಚಪ್ಪಲಿಯ ಅಟ್ಟೆ ಮಾತ್ರ.
ಒತ್ತು. ಒತ್ತಿದೆ.
ಹಿಡಿ. ಹಿಡಿದೆ.
ಹಿಡಿದೇ ಇರು ಅಂದೆ!
ಹಿಡಿದೇ ಇದ್ದೇನೆ.
ಬಿಡು.
ಬಾಟಲಿಗೆ ಕರಿ ಚಹಾದಂಥದ್ದು ಬಂತು, ಗುಳ್ಳೆ ಗುಳ್ಳೆ,
ಆಮೇಲೆ ಗುಳ್ಳೆ ಮಾತ್ರ,
ಆಮೇಲೆ ತುಡುವೆ ಜೇನಿನ ಬಣ್ಣ, ಸದ್ದಿಲ್ಲದೆ.
ನನ್ನ ಭುಜ ನನ್ನದಲ್ಲ ಅನ್ನಿಸುವ ಹೊತ್ತಿಗೆ
ಐದು ಗಂಟೆ.

ಚಕ್ರ ಮತ್ತೆ ಹಿಡಿದುಕೊಂಡಿತು.

ತಾಂಡೇಲ ಯಾರಿಗೋ ಫೋನ್ ಮಾಡಲು ಆಚೆ ಹೋದ.
ಮಾಮ ಕೈ ಒರೆಸಿಕೊಂಡು ಕುಳಿತ,
ಮೀನು ಸಿಗದ ದಿನ ಬಲೆಯ ಪಕ್ಕ ಕೂರುವವರ ಹಾಗಲ್ಲ,
ಇಸ್ಪೀಟಿನಲ್ಲಿ ಕೊನೆಯ ಎಲೆ ಎಣಿಸುವವನ ಹಾಗೆ.
ಎದ್ದು, ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿದ.
ಎಣ್ಣೆ ಚಿಮ್ಮಿತು. ಚಕ್ರ ಸಲೀಸಾಗಿ ತಿರುಗಿತು.
ಬಿಗಿದು, ಇನ್ನೊಮ್ಮೆ ಒತ್ತಿಸಿದ: ಮತ್ತೆ ಹಿಡಿಯಿತು.
ಈಗ ರಬ್ಬರ್ ಪೈಪಿನ ಮೇಲ್ತುದಿ ಸಡಿಲಿಸಿದ.
ಎರಡೇ ಹನಿ.
ಚಕ್ರ ಅಲುಗಲಿಲ್ಲ.
ಮಾಮ ನಕ್ಕ.

ಗೇಣುದ್ದದ ಪೈಪು.
ಹೊರಗೆ ಒಂದು ಬಿರುಕಿಲ್ಲ, ಒರೆಸಿದರೆ ಹೊಸದರ ಹೊಳಪು.
ಒಳಗೆ ಮಾತ್ರ ರಬ್ಬರು ಎದ್ದು
ನಾಲಗೆಯಂತೆ ಅಡ್ಡ ಬಿದ್ದಿತ್ತು:
ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು
ಹಿಂದಕ್ಕೆ ಒಂದಿಷ್ಟೂ ಬಿಡದೆ.
"ನಮ್ಮ ಸೊಸೈಟಿ ಸೆಕ್ರೆಟರಿ" ಅಂದ ತಾಂಡೇಲ.
ಆ ದಿನ ಅವನಾಡಿದ ಒಂದೇ ಒಳ್ಳೆಯ ಮಾತು.

ಹೊಸ ಪೈಪಿಗೆ ಮುನ್ನೂರು ರೂಪಾಯಿ.
ಕೊಟ್ಟ. ಮಜೂರಿಗೆ ಚೌಕಾಸಿ ಮಾಡಿದ.
ಸದಾಶಿವಗಡದ ಸೇತುವೆ ದಾಟಿ, ತಿರುಗಿಸಿ ತಂದು
ದೀಪ ಹತ್ತುವ ಹೊತ್ತಿಗೆ ಶೆಡ್ಡಿನ ಮುಂದೆ ನಿಲ್ಲಿಸಿದಾಗ
ಎರಡೂ ಹಬ್ಬಿಗೆ ಅಂಗೈ ಇಟ್ಟು ನೋಡಿದೆ:
ಈಗಷ್ಟೇ ಇಟ್ಟ ಮೊಟ್ಟೆಯಷ್ಟು ಬೆಚ್ಚಗೆ,
ಎಡಕ್ಕೂ ಬಲಕ್ಕೂ ಒಂದೇ.

ಹಳೇ ಪೈಪು ನಮ್ಮಲ್ಲೇ ಇದೆ,
ಬೆಲ್ಟುಗಳ ಪಕ್ಕದ ಮೊಳೆಗೆ ತೂಗಿ.
ಕೆಲಸ ಕಲಿಯುತ್ತೇನೆಂದು ಹುಡುಗರು ಬಂದರೆ
ಒರೆಸಿ ಕೈಗೆ ಕೊಡುತ್ತೇನೆ:
ಈ ತುದಿಯಿಂದ ಊದು.
ಹೋಯ್ತಾ?
ಈಗ ಆ ತುದಿಯಿಂದ.